ಓಲೆ ಬರುವತನಕ ಅವನೇ ಅರಸ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಬಂಡೆಯಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಅದರ ಮೇಲೆ ಕೊರೆದ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದರು. ಶಾಸನ ಶುರುವಾಗುವುದು ಧರ್ಮದ ಮಾತಿನಿಂದಲ್ಲ, ಕ್ಷೇಮಸಮಾಚಾರದಿಂದ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಮಹಾಮಾತ್ರರ ಮಾತಿನ ಮೇರೆಗೆ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು, ಆಮೇಲೆ ದೇವಾನಾಂಪ್ರಿಯನ ಅಪ್ಪಣೆ ಹೀಗಿದೆ ಎಂದು ತಿಳಿಸಬೇಕು. ಮೊದಲ ಸಾಲುಗಳ ತಾತ್ಪರ್ಯ ಇಷ್ಟು.

ಸರ್ಕಾರಿ ಕಚೇರಿಯಲ್ಲಿ ನಾಲ್ಕು ದಿನ ಕೂತವರಿಗೂ ಈ ಧಾಟಿ ಗೊತ್ತು. ರಾಜಧಾನಿಯಿಂದ ಬಂದ ಸುತ್ತೋಲೆಗೆ ಜಿಲ್ಲಾ ಕಚೇರಿ ತನ್ನದೊಂದು ಮುಖಪತ್ರ ಲಗತ್ತಿಸಿ ತಾಲ್ಲೂಕಿಗೆ ರವಾನಿಸುತ್ತದೆ. ಇಸಿಲಕ್ಕೆ ಬಂದದ್ದೂ ಅಂಥದೇ ಕಾಗದ. ಪಾಟಲಿಪುತ್ರದ ಅರಸನ ಆಜ್ಞೆ ಮೊದಲು ಸುವರ್ಣಗಿರಿಗೆ ಬಂತು. ಅಲ್ಲಿ ಕುಳಿತು ದಕ್ಷಿಣ ಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದ ರಾಜಕುಮಾರ ಅದನ್ನು ತನ್ನ ಒಕ್ಕಣೆಯೊಂದಿಗೆ ಕೆಳಗಿನ ಅಧಿಕಾರಿಗಳಿಗೆ ಕಳಿಸಿದ. ಬೇರೆ ಬಹುತೇಕ ಕಡೆ ಬಂಡೆಯ ಮೇಲೆ ಬಂದಿರುವುದು ಅರಸನ ಮಾತು ಮಾತ್ರ. ಇಸಿಲದವರು ಮುಖಪತ್ರವನ್ನೂ ಬಿಡದೆ ಇದ್ದದ್ದನ್ನು ಇದ್ದಹಾಗೆ ಕೊರೆಸಿಬಿಟ್ಟರು. ಪಕ್ಕದ ಸಿದ್ದಾಪುರದ ಬಂಡೆಯ ಕಥೆಯೂ ಇದೇ. ಆ ಎಡವಟ್ಟಿನಿಂದಾಗಿ, ತಾನಿಲ್ಲದ ಊರನ್ನು ಒಬ್ಬ ಅರಸ ಯಾರ ಮೂಲಕ, ಎಷ್ಟು ಮೆಟ್ಟಿಲಿಳಿದು ಆಳುತ್ತಿದ್ದ ಎಂಬುದು ಕರ್ನಾಟಕದ ಕಲ್ಲಿನಲ್ಲಿ ಉಳಿದುಕೊಂಡಿದೆ.

ಅರಸ ಒಬ್ಬ, ರಾಜ್ಯ ದೊಡ್ಡದು. ಕಣ್ಣಳತೆಯ ಆಚೆಗೆ ಯಾರನ್ನಾದರೂ ನಂಬಲೇಬೇಕು. ಹೀಗೆ ನಂಬಿ ಕಳಿಸಿದವನನ್ನು ಒಂದೊಂದು ಕಾಲ ಒಂದೊಂದು ಹೆಸರಿನಿಂದ ಕರೆಯಿತು: ಕ್ಷತ್ರಪ, ಮಹಾಮಂಡಲೇಶ್ವರ, ತರಫ್‌ದಾರ, ಸುಬೇದಾರ, ವೈಸರಾಯ್, ಗವರ್ನರ್. ಹೆಸರು ಬದಲಾದರೂ ಪೇಚಾಟ ಒಂದೇ. ಅಧಿಕಾರ ಕಡಿಮೆ ಕೊಟ್ಟರೆ ದಂಗೆಯೋ ದಾಳಿಯೋ ಬಂದಾಗ ಅವನು ಕೈಕಟ್ಟಿ ಕೂರುತ್ತಾನೆ. ಹೆಚ್ಚು ಕೊಟ್ಟರೆ ಅವನೇ ಅರಸನಾಗುತ್ತಾನೆ. ಎಷ್ಟು ಕೊಡಬೇಕೆಂಬುದನ್ನು ಬಹುಪಾಲು ತೀರ್ಮಾನಿಸಿದ್ದು ಅರಸನ ಔದಾರ್ಯವಲ್ಲ, ಟಪಾಲಿನ ವೇಗ. ಪತ್ರ ಹೋಗಿ ಉತ್ತರ ಬರಲು ಎಷ್ಟು ದಿನ ಹಿಡಿಯುತ್ತದೋ ಅಷ್ಟು ದಿನ ಪ್ರತಿನಿಧಿಯೇ ದೊರೆ.

ರಾಮಾಯಣದ ಭರತ ಈ ಪೇಚನ್ನು ಪಾದುಕೆಗಳಿಂದ ಬಗೆಹರಿಸಿಕೊಂಡ. ಅಣ್ಣನ ಪಾದುಕೆಯನ್ನು ಸಿಂಹಾಸನದ ಮೇಲಿಟ್ಟ, ತಾನು ಅಯೋಧ್ಯೆಯಲ್ಲಿ ನಿಲ್ಲದೆ ನಂದಿಗ್ರಾಮದಲ್ಲಿ ಹದಿನಾಲ್ಕು ವರ್ಷ ಕೂತ. ಆದರೆ ಭರತನಂಥವನು ಸಿಗುತ್ತಾನೆಂದು ನಂಬಿ ಸಾಮ್ರಾಜ್ಯ ಕಟ್ಟಿದ ಚಕ್ರವರ್ತಿ ಇತಿಹಾಸದಲ್ಲಿ ಕಾಣುವುದಿಲ್ಲ. ಅಶೋಕನಂತೂ ನಂಬಿರಲಿಲ್ಲ. ಪಟ್ಟಕ್ಕೆ ಬರುವ ಮೊದಲು ಅವನೇ ಉಜ್ಜಯಿನಿಯಲ್ಲಿ ತಂದೆಯ ಪ್ರತಿನಿಧಿಯಾಗಿದ್ದನೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ದೂರದ ಊರಿನಲ್ಲಿ ಏನೇನು ನಡೆಯುತ್ತದೆಂದು ಬಲ್ಲವನು. ಕಳಿಂಗದ ಶಾಸನದಲ್ಲಿ ಅವನು ಹಾಕಿದ ಕಟ್ಟಳೆ ನೋಡಿ: ಐದು ವರ್ಷಕ್ಕೊಮ್ಮೆ ರಾಜಧಾನಿಯಿಂದ ಅಧಿಕಾರಿಯೊಬ್ಬ ತಪಾಸಣೆಗೆ ಹೋಗಬೇಕು, ಉಜ್ಜಯಿನಿಯ ಕುಮಾರ ಮೂರು ವರ್ಷ ಮೀರದಂತೆ ಅಂಥ ತಂಡವನ್ನು ಕಳಿಸಬೇಕು, ತಕ್ಷಶಿಲೆಯಲ್ಲೂ ಹಾಗೇ ನಡೆಯಬೇಕು. ಪ್ರತಿನಿಧಿ ಮಗನೇ ಆಗಿದ್ದರೂ ವಿಚಾರಣೆ ತಪ್ಪಲಿಲ್ಲ.

ಕಾವಲಿನವರೆದುರು ಓದಿದ ಕಾಗದ

ಪ್ರತಿನಿಧಿಗಳ ಆಡಳಿತಕ್ಕೆ ಮೊದಲ ದೊಡ್ಡ ಏರ್ಪಾಟು ಮಾಡಿದವರಲ್ಲಿ ಪರ್ಷಿಯಾದ ಒಂದನೇ ದಾರಯವಹು ಪ್ರಮುಖ. ಗ್ರೀಕರ ಬಾಯಲ್ಲಿ ಅವನು ಡೇರಿಯಸ್. ಕ್ರಿ.ಪೂ. 522ರಲ್ಲಿ ಪಟ್ಟಕ್ಕೆ ಬಂದ ಅವನು ಸಾಮ್ರಾಜ್ಯವನ್ನು ಇಪ್ಪತ್ತು ಪ್ರಾಂತ್ಯಗಳಾಗಿ ಹಂಚಿದನೆಂದು ಹೆರೊಡೋಟಸ್ ಬರೆದಿದ್ದಾನೆ. ಪ್ರತಿ ಪ್ರಾಂತ್ಯಕ್ಕೂ ಒಬ್ಬ ಕ್ಷತ್ರಪ. ಹಳೆಯ ಪಾರಸಿಯಲ್ಲಿ ಆ ಪದಕ್ಕೆ ರಾಜ್ಯವನ್ನು ಕಾಯುವವನು ಎಂದೇ ಅರ್ಥ. ಕ್ಷತ್ರಪನ ಆಸ್ಥಾನದಲ್ಲಿ ಅರಸನೇ ನೇಮಿಸಿದ ಒಬ್ಬ ಕಾರ್ಯದರ್ಶಿ ಇರುತ್ತಿದ್ದ. ರಾಜಧಾನಿಯಿಂದ ಬಂದ ಪತ್ರಗಳನ್ನು ಗಟ್ಟಿಯಾಗಿ ಓದುವುದು ಅವನ ಕೆಲಸ. ಸಾರ್ಡಿಸ್‌ನಿಂದ ಸೂಸಾದವರೆಗೆ ಸುಮಾರು 2,500 ಕಿಲೋಮೀಟರ್ ರಾಜಮಾರ್ಗ, ದಾರಿಯಲ್ಲಿ 111 ತಂಗುದಾಣ. ನಡೆದು ಹೋದರೆ ಮೂರು ತಿಂಗಳು. ಕುದುರೆ ಬದಲಿಸುತ್ತ ಓಡುವ ಅಂಚೆಯವರು ಅದನ್ನು ಕೆಲವೇ ದಿನಗಳಲ್ಲಿ ಮುಟ್ಟುತ್ತಿದ್ದರು.

ಆ ಸಾರ್ಡಿಸ್‌ನಲ್ಲಿ ಒರೋಯಿಟಸ್ ಎಂಬ ಕ್ಷತ್ರಪನಿದ್ದ. ಅರಸ ಬದಲಾಗುವ ಗೊಂದಲದಲ್ಲಿ ಅವನು ಪಕ್ಕದ ಪ್ರಾಂತ್ಯದ ಅಧಿಕಾರಿಯನ್ನು ಕೊಂದ. ಬುದ್ಧಿ ಹೇಳಲು ಬಂದ ಅರಸನ ದೂತನನ್ನು ಹಿಂತಿರುಗುವ ಹಾದಿಯಲ್ಲಿ ಹೊಂಚುಹಾಕಿ ಮುಗಿಸಿದ. ಅವನ ಬೆನ್ನಿಗೆ ಸಾವಿರ ಮಂದಿ ಪಾರಸಿ ಕಾವಲುಭಟರಿದ್ದರು. ಹೊಸದಾಗಿ ಪಟ್ಟವೇರಿದ ದಾರಯವಹು ದಂಡು ಕಳಿಸುವ ಗೋಜಿಗೆ ಹೋಗಲಿಲ್ಲ. ಯಾರು ಹೋಗುತ್ತೀರಿ ಎಂದು ಕೇಳಿದಾಗ ಮೂವತ್ತು ಮಂದಿ ಮುಂದೆ ಬಂದರು. ಚೀಟಿ ಎತ್ತಿದಾಗ ಬಗಾಯಸ್ ಎಂಬುವನ ಹೆಸರು ಬಂತು.

ಬಗಾಯಸ್ ಬೇರೆ ಬೇರೆ ವಿಷಯದ ಹಲವು ಪತ್ರಗಳನ್ನು ಬರೆಸಿ, ಎಲ್ಲಕ್ಕೂ ಅರಸನ ಮುದ್ರೆ ಒತ್ತಿಸಿಕೊಂಡು ಸಾರ್ಡಿಸ್‌ಗೆ ಹೋದ. ಕ್ಷತ್ರಪನ ಎದುರಲ್ಲೇ ಒಂದೊಂದಾಗಿ ಮುದ್ರೆಯೊಡೆದು ಕಾರ್ಯದರ್ಶಿಯ ಕೈಗೆ ಕೊಟ್ಟ. ಕಾರ್ಯದರ್ಶಿ ಓದುತ್ತಿದ್ದ, ಬಗಾಯಸ್‌ನ ಕಣ್ಣು ಇದ್ದದ್ದು ಕಾವಲಿನವರ ಮುಖದ ಮೇಲೆ. ಆ ಕಾಗದಕ್ಕೆ, ಅದರಲ್ಲಿನ ಮಾತಿಗೆ ಅವರು ತೋರುತ್ತಿದ್ದ ಭಯಭಕ್ತಿಯನ್ನು ಅಳೆದ. ಆಮೇಲೆ ಒಂದು ಪತ್ರ ಕೊಟ್ಟ. ಪಾರಸಿಗಳೇ, ಒರೋಯಿಟಸ್‌ನನ್ನು ಕಾಯಬೇಡಿರೆಂದು ಅರಸ ಹೇಳುತ್ತಾನೆ ಎಂದಿತ್ತು ಅದರಲ್ಲಿ. ಭಟರು ಈಟಿಗಳನ್ನು ಕೆಳಗಿಳಿಸಿದರು. ಬಗಾಯಸ್ ಕೊನೆಯ ಪತ್ರವನ್ನು ಮುಂದೆ ಮಾಡಿದ. ಒರೋಯಿಟಸ್‌ನನ್ನು ಕೊಲ್ಲಿರಿ ಎಂಬ ಆಜ್ಞೆ ಓದಿ ಮುಗಿಯುವಷ್ಟರಲ್ಲಿ ಅವನದೇ ಕಾವಲಿನವರ ಕತ್ತಿಗಳು ಒರೆಯಿಂದ ಹೊರಬಂದಿದ್ದವು.

ಹೆರೊಡೋಟಸ್ ಉಪ್ಪುಖಾರ ಹಚ್ಚಿರಬಹುದು. ಆದರೂ ಕಥೆಯ ತಿರುಳು ಆ ಕಾಲದ್ದೇ. ಅರಸ ಕಾಣದಿದ್ದರೂ ಅವನ ಮುದ್ರೆ ಕಂಡರೆ ಈಟಿ ಬಾಗಬೇಕು. ಬಾಗುವತನಕ ಮಾತ್ರ ಸಾಮ್ರಾಜ್ಯ.

ಇದಕ್ಕೆ ತದ್ವಿರುದ್ಧವಾದ ಚಿತ್ರ ರೋಮ್‌ನಲ್ಲಿ ಸಿಗುತ್ತದೆ. ಕ್ರಿ.ಶ. 110ರ ಆಸುಪಾಸಿನಲ್ಲಿ ಚಕ್ರವರ್ತಿ ಟ್ರಾಜನ್ ಈಗಿನ ಟರ್ಕಿಯ ಉತ್ತರ ಭಾಗಕ್ಕೆ ಪ್ಲಿನಿ ಎಂಬ ವಿದ್ವಾಂಸನನ್ನು ಗವರ್ನರ್ ಮಾಡಿ ಕಳಿಸಿದ. ಪ್ಲಿನಿ ಪ್ರಾಮಾಣಿಕ, ಆದರೆ ಅಳುಕಿನ ಮನುಷ್ಯ. ಸಣ್ಣಪುಟ್ಟದ್ದಕ್ಕೂ ಅರಸನಿಗೆ ಬರೆದು ಕೇಳುತ್ತಿದ್ದ. ನಿಕೊಮೀಡಿಯಾ ಪಟ್ಟಣದಲ್ಲಿ ದೊಡ್ಡ ಬೆಂಕಿ ಅನಾಹುತವಾದಾಗ 150 ಜನರ ಅಗ್ನಿಶಾಮಕ ದಳ ಕಟ್ಟಲೇ ಎಂದು ಅನುಮತಿ ಬೇಡಿದ. ಬೇಡ, ಅಂಥ ಸಂಘಗಳು ಕೊನೆಗೆ ರಾಜಕೀಯ ಕೂಟಗಳಾಗುತ್ತವೆ, ಬೆಂಕಿ ಆರಿಸುವ ಸಾಮಾನು ಒದಗಿಸಿ ಸಾಕು ಎಂದು ಟ್ರಾಜನ್ ಉತ್ತರಿಸಿದ. ಆ ಪತ್ರವ್ಯವಹಾರ ಇಂದಿಗೂ ಉಳಿದಿದೆ. ಸಮುದ್ರದಾಚೆಯ ಪಟ್ಟಣದಲ್ಲಿ ಬಿಂದಿಗೆ ಹಿಡಿದು ಓಡುವವರ ಸಂಖ್ಯೆಯನ್ನು ರೋಮ್‌ನಲ್ಲಿ ಕೂತು ತೀರ್ಮಾನಿಸುತ್ತಿದ್ದ ಕಾಲವದು.

ತಲೆಯ ಮೇಲೆ ಹೊತ್ತರು, ಪಕ್ಕಕ್ಕಿಟ್ಟರು

ಸಮುದ್ರ ದೊಡ್ಡದಾದಂತೆ ಅರಸನ ಕೈಯ ದಾರ ಸಡಿಲವಾಯಿತು. ಸ್ಪೇನ್ 1535ರಲ್ಲಿ ಮೆಕ್ಸಿಕೊಗೆ ಆಂಟೋನಿಯೊ ದೆ ಮೆಂಡೋಸಾನನ್ನು ಮೊದಲ ವೈಸರಾಯ್ ಮಾಡಿ ಕಳಿಸಿತು. ಆಮೇಲೆ ಪೆರುವಿಗೂ ಒಬ್ಬ ಬಂದ. ವೈಸರಾಯ್ ಎಂದರೆ ಅರಸನ ಬದಲಿಗೆ ಇರುವವನು. ಲಿಮಾದಿಂದ ಸ್ಪೇನ್‌ಗೆ ಪತ್ರ ಹೋಗಿ ಉತ್ತರ ಬರಲು ವರ್ಷಕ್ಕೂ ಮಿಕ್ಕಿ ಹಿಡಿಯುವುದಿತ್ತು. ಸಾವು ಸ್ಪೇನ್‌ನಿಂದ ಬರುವಂತಿದ್ದರೆ ನಾವೆಲ್ಲ ಚಿರಂಜೀವಿಗಳಾಗುತ್ತಿದ್ದೆವು ಎಂಬ ಕುಹಕ ಆ ಸಾಮ್ರಾಜ್ಯದ ಅಧಿಕಾರಿಗಳ ನಡುವೆ ಓಡಾಡುತ್ತಿತ್ತು.

ಅಲ್ಲಿ ಬೆಳೆದ ಒಂದು ಆಚರಣೆ ಬಹಳ ಸೊಗಸಾದದ್ದು. ಪಾಲಿಸಲು ಸಾಧ್ಯವಿಲ್ಲದ, ಊರಿಗೆ ಹೊಂದದ ರಾಜಾಜ್ಞೆ ಬಂದರೆ ಅಧಿಕಾರಿ ಅದನ್ನು ಗೌರವದಿಂದ ತೆಗೆದುಕೊಂಡು ಮುತ್ತಿಟ್ಟು ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಬಳಿಕ ವಿಧೇಯನಾಗಿದ್ದೇನೆ, ಆದರೆ ಜಾರಿಗೊಳಿಸುವುದಿಲ್ಲ ಎಂದು ಘೋಷಿಸುತ್ತಿದ್ದ. ಅದು ದಂಗೆಯಲ್ಲ. ಅರಸನಿಗೆ ಇಲ್ಲಿಯ ಸಂಗತಿ ತಿಳಿದಿದ್ದರೆ ಇಂಥ ಆಜ್ಞೆ ಕೊಡುತ್ತಿರಲಿಲ್ಲ ಎಂಬುದು ಅದರ ಹಿಂದಿನ ತರ್ಕ. ಕಾನೂನಿನಲ್ಲೇ ಅದಕ್ಕೆ ಜಾಗವಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಮ್ಮಲ್ಲಿ ಬೇಸರದಿಂದ ಹೇಳುತ್ತೇವಲ್ಲ, ಸ್ಪೇನಿನವರು ಪೂಜಾರಿಯ ಆ ಹಕ್ಕನ್ನು ಕಡತಕ್ಕೇ ಏರಿಸಿದ್ದರು.

ಈ ಸಡಿಲಿಕೆಯ ಬೆಲೆ ಏನು, ಬಿಗಿಯ ಬೆಲೆ ಏನು ಎಂಬುದು 1540ರ ದಶಕದಲ್ಲಿ ಏಕಕಾಲಕ್ಕೆ ಎರಡೂ ಕಡೆ ಕಂಡಿತು. ವಸಾಹತುಗಾರರು ಅಲ್ಲಿಯ ಮೂಲನಿವಾಸಿಗಳನ್ನು ಜೀತಕ್ಕೆ ಹಚ್ಚುವುದನ್ನು ತಡೆಯಲು ಅರಸ ಐದನೇ ಚಾರ್ಲ್ಸ್ 1542ರಲ್ಲಿ ಹೊಸ ಕಾನೂನುಗಳನ್ನು ತಂದ. ಮೆಕ್ಸಿಕೊದಲ್ಲಿ ಮೆಂಡೋಸಾನ ಸಲಹೆಯಂತೆ ಅವನ್ನು ತಡೆಹಿಡಿದರು; ಗಲಾಟೆಯಾಗಲಿಲ್ಲ. ಪೆರುವಿನಲ್ಲಿ ಹೊಸ ವೈಸರಾಯ್ ಬ್ಲಾಸ್ಕೊ ನೂನ್ಯೆಸ್ ವೇಲ ಬಂದವನೇ ಅಕ್ಷರ ಬಿಡದೆ ಜಾರಿ ಮಾಡಹೊರಟ. ಗೊನ್ಸಾಲೊ ಪಿಸಾರೊನ ನೇತೃತ್ವದಲ್ಲಿ ವಸಾಹತುಗಾರರು ದಂಗೆಯೆದ್ದರು. 1546ರ ಜನವರಿಯಲ್ಲಿ ಕೀಟೋ ಪಟ್ಟಣದ ಬಳಿ ನಡೆದ ಕಾಳಗದಲ್ಲಿ ಸೋತ ವೈಸರಾಯ್‌ನ ತಲೆ ಕಡಿದರು. ಅಷ್ಟರಲ್ಲಿ ಅರಸನೇ ಆ ಕಾನೂನಿನ ಮುಖ್ಯ ಕಲಮನ್ನು ಹಿಂತೆಗೆದುಕೊಂಡಾಗಿತ್ತು. ಎರಡೂ ಕಡೆ ಸೋತವರು ಯಾರಿಗಾಗಿ ಕಾನೂನು ಬಂದಿತ್ತೋ ಆ ಮೂಲನಿವಾಸಿಗಳು.

ಪ್ರತಿನಿಧಿಯನ್ನು ಹಿಡಿತದಲ್ಲಿಡಲು ಸ್ಪೇನ್‌ಗೆ ಒಂದು ಉಪಾಯ ಗೊತ್ತಿತ್ತು. ಅವಧಿ ಮುಗಿದ ಅಧಿಕಾರಿ ತಕ್ಷಣ ಗಂಟುಮೂಟೆ ಕಟ್ಟುವಂತಿಲ್ಲ. ಅವನ ಮೇಲೆ ಯಾರಿಗೆ ಯಾವ ದೂರಿದ್ದರೂ ಹೇಳಬಹುದೆಂದು ಡಂಗುರ ಹೊಡೆಸಿ, ನ್ಯಾಯಾಧೀಶನ ಮುಂದೆ ವಿಚಾರಣೆ ನಡೆಯುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಲಂಡನ್ನಿನಲ್ಲಿ 1788ರಿಂದ 1795ರವರೆಗೆ ಏಳು ವರ್ಷ ನಡೆದ ಮಹಾಭಿಯೋಗ ಇಂಥದರದೇ ದುಬಾರಿ ರೂಪ; ಕೊನೆಗೆ ಅವನು ಖುಲಾಸೆಯಾದ. ಅಂದಹಾಗೆ ಸ್ಪೇನ್‌ನ ಪಟ್ಟದ ಅರಸನೊಬ್ಬ ಅಮೆರಿಕಾ ಖಂಡದ ನೆಲವನ್ನು ಮೊದಲ ಸಲ ಮೆಟ್ಟಿದ್ದು 1976ರಲ್ಲಿ, ಹುವಾನ್ ಕಾರ್ಲೋಸ್‌ನ ಕಾಲಕ್ಕೆ. ಅಷ್ಟು ಹೊತ್ತಿಗೆ ಅಲ್ಲಿಯ ವೈಸರಾಯ್‌ಗಳು ಇಲ್ಲವಾಗಿ ಒಂದೂವರೆ ಶತಮಾನ ಕಳೆದಿತ್ತು.

ಗೋವೆಯ ಮುಚ್ಚಿದ ಲಕೋಟೆ

ನಮಗೆ ಹತ್ತಿರದ ಗೋವೆಯಲ್ಲಿ ಪೋರ್ಚುಗೀಸರು ಎದುರಿಸಿದ ಪ್ರಶ್ನೆ ಇನ್ನೂ ತೊಡಕಿನದು. ಲಿಸ್ಬನ್‌ನಿಂದ ಹಡಗುಗಳು ಮಾರ್ಚ್ ಏಪ್ರಿಲ್ ಹೊತ್ತಿಗೆ ಹೊರಟು ಮುಂಗಾರು ಗಾಳಿ ಹಿಡಿದು ಸೆಪ್ಟೆಂಬರ್ ಸುಮಾರಿಗೆ ಇಲ್ಲಿಗೆ ಬರುತ್ತಿದ್ದವು. ಮರಳುವ ಹಡಗು ವರ್ಷದ ಕೊನೆಗೆ ಹೊರಡಬೇಕು. ಪ್ರತಿನಿಧಿ ಇಲ್ಲಿ ಸತ್ತರೆ ಹೊಸಬನನ್ನು ಅರಸ ನೇಮಿಸಿ ಕಳಿಸುವಷ್ಟರಲ್ಲಿ ಎರಡು ಮಳೆಗಾಲ ಕಳೆಯುತ್ತಿತ್ತು. ಅದಕ್ಕೇ ಗವರ್ನರ್ ಜೊತೆಯಲ್ಲೇ ಮುದ್ರೆ ಹಾಕಿದ ಲಕೋಟೆಗಳನ್ನು ಕಳಿಸುವ ಪದ್ಧತಿ ಬಂತು. ಅವನು ಸತ್ತರೆ ಮಾತ್ರ ಮೊದಲನೆಯದನ್ನು ಒಡೆಯಬೇಕು. ಅದರಲ್ಲಿ ಹೆಸರಿದ್ದವನೂ ಇಲ್ಲವಾಗಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ತನ್ನ ಸಾವಿನ ಕಾಗದವನ್ನು ತಾನೇ ಹೊತ್ತು ತರುವ ನೌಕರಿ.

1524ರಲ್ಲಿ ವೈಸರಾಯ್ ಆಗಿ ಮರಳಿ ಬಂದ ವಾಸ್ಕೊ ಡ ಗಾಮಾ ಬಂದ ಕೆಲವೇ ತಿಂಗಳಲ್ಲಿ, ಕ್ರಿಸ್ಮಸ್‌ನ ಮುನ್ನಾದಿನ ಕೊಚ್ಚಿಯಲ್ಲಿ ತೀರಿಕೊಂಡ. ಲಕೋಟೆ ಒಡೆದಾಗ ಹೆನ್ರಿಕ್ ದೆ ಮೆನೆಜೆಸ್‌ನ ಹೆಸರು ಬಂತು. ಅವನೂ 1526ರಲ್ಲಿ ಕಣ್ಣೂರಿನಲ್ಲಿ ಸತ್ತ. ಇನ್ನೊಂದು ಲಕೋಟೆ ಒಡೆದರು. ಅದರಲ್ಲಿದ್ದ ಹೆಸರು ಪೆರೊ ಮಸ್ಕರೇನ್ಯಸ್. ಅವನು ಬದುಕಿದ್ದ, ಆದರೆ ಇದ್ದದ್ದು ಮಲಾಕಾದಲ್ಲಿ. ಗಾಳಿ ತಿರುಗುವತನಕ ಬರುವ ಹಾಗಿಲ್ಲ. ಅಲ್ಲಿಯವರೆಗೆ ಯಾರು? ಮುಂದಿನ ಲಕೋಟೆ ಒಡೆದು ಲೋಪೊ ವಾಜ್ ದೆ ಸಂಪಾಯೊನನ್ನು ಹಂಗಾಮಿಯಾಗಿ ಕೂರಿಸಿದರು. ಹಂಗಾಮಿ ಕುರ್ಚಿಯ ಗುಣ ಎಲ್ಲ ಕಾಲಕ್ಕೂ ಒಂದೇ. ಮರುವರ್ಷ ಮಸ್ಕರೇನ್ಯಸ್ ಬಂದಿಳಿದಾಗ ಸಂಪಾಯೊ ಕುರ್ಚಿ ಬಿಡಲಿಲ್ಲ. ಬಂದವನನ್ನೇ ಸೆರೆಗೆ ಹಾಕಿಸಿದ. ಪಂಚಾಯಿತಿ ನಡೆದು ತೀರ್ಪು ಸಂಪಾಯೊನ ಕಡೆಗೇ ಆಯಿತು. 1529ರಲ್ಲಿ ನೂನೊ ದ ಕುನ್ಯ ಹೊಸ ಗವರ್ನರ್ ಆಗಿ ಬಂದು ಸಂಪಾಯೊನನ್ನು ಬಂಧಿಸಿ ಪೋರ್ಚುಗಲ್‌ಗೆ ಕಳಿಸಿದ ಮೇಲೆಯೇ ಆ ಅಧ್ಯಾಯ ಮುಗಿದದ್ದು.

ಅದಕ್ಕೂ ಮೊದಲಿನ ಅಲ್ಬುಕರ್ಕ್‌ನ ಗತಿ ಇನ್ನೂ ಕಹಿ. ಹೊನ್ನಾವರದ ತಿಮ್ಮಯ್ಯನ ನೆರವು ಪಡೆದು 1510ರಲ್ಲಿ ಗೋವೆಯನ್ನು ಗೆದ್ದವನು ಅವನೇ. 1515ರ ಡಿಸೆಂಬರ್‌ನಲ್ಲಿ ಹೊರ್ಮುಜ್‌ನಿಂದ ಕಾಯಿಲೆ ಬಿದ್ದು ಮರಳುತ್ತಿದ್ದಾಗ, ತನ್ನ ಜಾಗಕ್ಕೆ ತನ್ನ ವೈರಿಯನ್ನೇ ಅರಸ ನೇಮಿಸಿದ್ದಾನೆಂಬ ಸುದ್ದಿ ಕಡಲಿನಲ್ಲೇ ಸಿಕ್ಕಿತು. ಗೋವೆಯ ದಡ ಕಾಣುವಷ್ಟು ಹತ್ತಿರದಲ್ಲಿ ಹಡಗಿನ ಮೇಲೇ ಪ್ರಾಣ ಬಿಟ್ಟ.

ಈಗ ಹಳೆ ಗೋವೆಗೆ ಹೋದವರು ಸಂತ ಫ್ರಾನ್ಸಿಸ್ ಅಸಿಸಿ ಚರ್ಚಿಗೆ ಹೊಂದಿಕೊಂಡ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಈ ಪ್ರತಿನಿಧಿಗಳ ಸಾಲುಸಾಲು ಚಿತ್ರಪಟಗಳನ್ನು ನೋಡಬಹುದು. 1547ರಲ್ಲಿ ಜೊವಾವ್ ದೆ ಕಾಸ್ಟ್ರೊ ಶುರು ಮಾಡಿಸಿದ ಪರಿಪಾಠ ಅದು. ಆಳೆತ್ತರದ ಗಡ್ಡಧಾರಿಗಳು, ಕೈಯಲ್ಲಿ ಕತ್ತಿಯೋ ದಂಡವೋ, ಮೂಲೆಯಲ್ಲಿ ಮನೆತನದ ಲಾಂಛನ. ಗೋಡೆ ತುಂಬ ಬದಲಿಯವರು. ಯಾರ ಬದಲಿಗೆ ಬಂದಿದ್ದರೋ ಆ ಅರಸರಲ್ಲಿ ಒಬ್ಬನೂ ಸಿಂಹಾಸನದಲ್ಲಿದ್ದಾಗ ಗೋವೆಗೆ ಬರಲಿಲ್ಲ. ನದಿದಡದ ವೈಸರಾಯ್ ಕಮಾನಿನ ಮೇಲೆ ನಿಂತಿರುವವನೂ ವಾಸ್ಕೊ ಡ ಗಾಮಾ; ವೈಸರಾಯ್ ಆಗಿದ್ದ ಅವನ ಮರಿಮಗ ಕಟ್ಟಿಸಿದ್ದು.

ಬಾಡಿಗೆಗೆ ಬಂದವರು ಯಜಮಾನರಾದದ್ದು

ಅರಸರ ಭಯ ಸುಳ್ಳಾಗಿರಲಿಲ್ಲ ಎಂಬುದಕ್ಕೆ ಪದಗಳೇ ಸಾಕ್ಷಿ. ಪರ್ಷಿಯಾದಲ್ಲಿ ಪ್ರತಿನಿಧಿ ಎಂಬ ಅರ್ಥದ ಕ್ಷತ್ರಪ ಭಾರತಕ್ಕೆ ಬಂದು, ಶಕರ ಕಾಲಕ್ಕೆ ಸ್ವತಂತ್ರ ದೊರೆಯ ಬಿರುದಾಯಿತು. ಕ್ರಿ.ಶ. 150ರ ಜುನಾಗಢ ಶಾಸನದ ರುದ್ರದಾಮನ ಮಹಾಕ್ಷತ್ರಪ. ಅವನ ಮೇಲೆ ಯಾವ ಅರಸನೂ ಇದ್ದಂತಿಲ್ಲ.

ದಖ್ಖನಿನಲ್ಲಿ ಇದು ಮತ್ತೆ ಮತ್ತೆ ನಡೆದ ಆಟ. ಬೀದರಿನ ಬಹಮನಿಗಳ ರಾಜ್ಯ ನಾಲ್ಕು ತರಫ್‌ಗಳಲ್ಲಿ ಹಂಚಿಹೋಗಿತ್ತು. ತರಫ್‌ದಾರರು ಕೊಬ್ಬುತ್ತಿರುವುದನ್ನು ಕಂಡ ವಜೀರ ಮಹಮೂದ್ ಗವಾನ್ ನಾಲ್ಕನ್ನು ಎಂಟು ಮಾಡಿದ. ಒಬ್ಬೊಬ್ಬರ ಕೈಯಲ್ಲಿ ಒಂದೇ ಕೋಟೆ ಉಳಿಸಿ, ಮಿಕ್ಕವನ್ನು ಸುಲ್ತಾನನೇ ನೇಮಿಸಿದ ಕಿಲ್ಲೇದಾರರಿಗೆ ಒಪ್ಪಿಸಿದ. ಇದರಿಂದ ಕೆರಳಿದವರು ಅವನ ಮುದ್ರೆಯನ್ನೇ ಅಸ್ತ್ರ ಮಾಡಿಕೊಂಡರು. ಖಾಲಿ ಹಾಳೆಯ ಮೇಲೆ ಗವಾನನ ಮುದ್ರೆ ಒತ್ತಿಸಿಕೊಂಡು, ಒರಿಸ್ಸಾದ ಅರಸನನ್ನು ದಾಳಿಗೆ ಕರೆಯುವ ಪತ್ರ ಬರೆದು ಸುಲ್ತಾನನ ಮುಂದಿಟ್ಟರು. 1481ರಲ್ಲಿ ಗವಾನನ ತಲೆ ಉರುಳಿತು. ಹತ್ತು ವರ್ಷ ತುಂಬುವುದರೊಳಗೆ ಬಿಜಾಪುರದ ತರಫ್‌ದಾರ ಯೂಸುಫ್ ಆದಿಲ್ ಖಾನ್ ಸ್ವತಂತ್ರನಾದ. ಗೋಳಗುಮ್ಮಟ ಕಟ್ಟಿದ ಆದಿಲ್‌ಶಾಹಿ ಮನೆತನದ ಮೂಲ ಒಬ್ಬ ಪ್ರಾಂತ್ಯಾಧಿಕಾರಿ.

ಮೈಸೂರಿನ ಹುಟ್ಟೂ ಇದೇ ಬಗೆಯದು. ತಾಳಿಕೋಟೆಯ ನಂತರ ದೂರ ಸರಿದ ವಿಜಯನಗರದ ಅರಸರು ಶ್ರೀರಂಗಪಟ್ಟಣದಲ್ಲಿ ತಮ್ಮ ಪ್ರತಿನಿಧಿಯನ್ನು ಇಟ್ಟಿದ್ದರು. 1610ರಲ್ಲಿ ಮೈಸೂರಿನ ರಾಜ ಒಡೆಯರು ಆ ಪ್ರತಿನಿಧಿ ತಿರುಮಲನಿಂದ ಪಟ್ಟಣವನ್ನು ವಶಪಡಿಸಿಕೊಂಡರು. ಅಲಮೇಲಮ್ಮನ ಶಾಪದ ಕಥೆ, ತಲಕಾಡಿನ ಮರಳಿನ ಕಥೆ ಹುಟ್ಟುವುದು ಈ ಘಟ್ಟದಲ್ಲೇ. ಹಂಪಿಯ ಅರಸರು ನಡೆಸುತ್ತಿದ್ದ ಮಹಾನವಮಿಯನ್ನು ರಾಜ ಒಡೆಯರು ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ದಸರೆಯಾಗಿ ಮುಂದುವರಿಸಿದರು. ಪ್ರತಿನಿಧಿಯ ಕೋಟೆ ಸಿಕ್ಕಿತು, ಜೊತೆಗೆ ಚಕ್ರವರ್ತಿಯ ಹಬ್ಬವೂ.

ಹೈದರಾಬಾದಿನ ನಿಜಾಮರು ಮಾತ್ರ ಬೇರೆಯೇ ದಾರಿ ಹಿಡಿದರು. ಮೊಘಲರ ಸುಬೇದಾರ ಆಸಫ್ ಜಾ 1724ರ ಶಕರ್‌ಖೇಡಾ ಕಾಳಗದ ನಂತರ ದಖ್ಖನಿಗೆ ತಾನೇ ದೊರೆಯಾದ. ಆದರೆ ಬಾದಶಹ ಎಂದು ಕರೆದುಕೊಳ್ಳಲಿಲ್ಲ. ದಿಲ್ಲಿಯಿಂದ ಅಪ್ಪಣೆ ಬರುವುದು ನಿಂತ ಮೇಲೂ, 1857ರ ದಂಗೆಯಲ್ಲಿ ಕೊನೆಯ ಮೊಘಲ ಪಟ್ಟ ಕಳೆದುಕೊಳ್ಳುವವರೆಗೂ, ಹೈದರಾಬಾದಿನ ನಾಣ್ಯಗಳ ಮೇಲೆ ಮೊಘಲ ಬಾದಶಹರ ಹೆಸರೇ ಇತ್ತು. ಕಲಬುರಗಿ, ರಾಯಚೂರು, ಬೀದರಿನ ಸಂತೆಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ದುಡ್ಡಿನಲ್ಲಿ, ಬರಿಗೈಯ ಅರಸನೊಬ್ಬ ನೂರಮೂವತ್ತು ವರ್ಷ ಆಳುತ್ತಲೇ ಇದ್ದ.

ಅರಸನೇ ಇಲ್ಲದ ಪ್ರತಿನಿಧಿಯ ಉದಾಹರಣೆಯೂ ಉಂಟು. ಸ್ಪೇನ್‌ನ ಎರಡನೇ ಫಿಲಿಪ್‌ನ ಕೈಕೆಳಗಿದ್ದ ನೆದರ್ಲೆಂಡ್ಸ್‌ನಲ್ಲಿ ಪ್ರಾಂತ್ಯದ ಪ್ರತಿನಿಧಿಯನ್ನು ಸ್ಟಾಟ್‌ಹೌಡರ್ ಎನ್ನುತ್ತಿದ್ದರು. ಪದದ ಅರ್ಥ ಸ್ಥಾನ ಹಿಡಿದವನು. ಅಂಥ ಒಬ್ಬ ಸ್ಥಾನಿಕ ಆರೆಂಜ್‌ನ ವಿಲಿಯಂ 1568ರಲ್ಲಿ ದಂಗೆಯೆದ್ದಾಗ, ಹೋರಾಟ ಅರಸನ ವಿರುದ್ಧವಲ್ಲ, ಅವನ ಕ್ರೂರ ಗವರ್ನರ್ ಆಲ್ಬಾನ ವಿರುದ್ಧ ಎಂದೇ ಹೇಳುತ್ತಿದ್ದ. ದಂಗೆಕೋರರು 1575ರಲ್ಲಿ ಲೈಡನ್ ವಿಶ್ವವಿದ್ಯಾಲಯ ಕಟ್ಟಿದ್ದೂ ಫಿಲಿಪ್‌ನ ಹೆಸರಿನಲ್ಲೇ! 1581ರಲ್ಲಿ ಅರಸನನ್ನು ಅಧಿಕೃತವಾಗಿ ತ್ಯಜಿಸಿದರು, ಸ್ಥಾನಿಕನ ಹುದ್ದೆಯನ್ನು ಇಟ್ಟುಕೊಂಡರು. ಡಚ್ಚರ ಇಂದಿನ ರಾಷ್ಟ್ರಗೀತೆಯಲ್ಲೂ ವಿಲಿಯಂ ತಾನು ಸ್ಪೇನ್‌ನ ಅರಸನನ್ನು ಸದಾ ಗೌರವಿಸಿದೆನೆಂದೇ ಹೇಳುತ್ತಾನೆ.

ತಂತಿ ಬಂದ ಮೇಲೆ

ಟಪಾಲು ನಿಧಾನವಿದ್ದಾಗ ಪ್ರತಿನಿಧಿ ಒಂದು ಯುದ್ಧವನ್ನೇ ಮಾಡಬಹುದಿತ್ತು. 1799ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ಸುದ್ದಿ ಲಂಡನ್ ತಲುಪಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ರಾಜ್ಯ ಹಂಚಿಕೆಯಾಗಿ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿ, ಪೂರ್ಣಯ್ಯ ದಿವಾನರಾಗಿದ್ದರು. ಒಂದು ರಾಜ್ಯದ ಹಣೆಬರಹವನ್ನು ಪ್ರತಿನಿಧಿ ಬರೆದು, ಯಜಮಾನರಿಗೆ ಆಮೇಲೆ ವರದಿ ಕಳಿಸಿದ್ದ.

1870ರಲ್ಲಿ ಸಮುದ್ರದಡಿಯ ತಂತಿ ಮುಂಬಯಿ ಮುಟ್ಟಿತು. ಹಿಂದೊಮ್ಮೆ ಆರು ತಿಂಗಳಾಗಿದ್ದ ದೂರ ಕೆಲವು ಗಂಟೆಗಳಿಗೆ ಇಳಿಯಿತು. ಅಲ್ಲಿಂದೀಚೆಗೆ ವೈಸರಾಯ್‌ಗಳ ಆನೆ, ಅಂಬಾರಿ, ದರ್ಬಾರು ಹೆಚ್ಚುತ್ತ ಹೋದವು. ಸ್ವಂತ ತೀರ್ಮಾನ ಕಡಿಮೆಯಾಗುತ್ತ ಬಂತು. 1877ರ ದಿಲ್ಲಿ ದರ್ಬಾರಿನಲ್ಲಿ ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎಂಬ ಘೋಷಣೆಯಾಯಿತು, ರಾಣಿ ಬರಲಿಲ್ಲ. ಹಿಂದೂಸ್ತಾನಿ ಕಲಿಯಲು ಅರಮನೆಯಲ್ಲಿ ಮುನ್ಶಿಯನ್ನು ಇಟ್ಟುಕೊಂಡಳೇ ಹೊರತು ಅವಳು ಭಾರತವನ್ನು ಎಂದೂ ನೋಡಲಿಲ್ಲ. ಪಟ್ಟದಲ್ಲಿದ್ದಾಗ ಇಲ್ಲಿಗೆ ಬಂದ ಒಬ್ಬನೇ ಬ್ರಿಟಿಷ್ ಚಕ್ರವರ್ತಿ ಐದನೇ ಜಾರ್ಜ್, ಅದೂ 1911ರಲ್ಲಿ.

ಮೈಸೂರಿನ ಮಟ್ಟಿಗೆ ಒಂದು ವಿಚಿತ್ರ ನಡೆಯಿತು. ಇಲ್ಲಿ ಅರಸ ದೂರದಲ್ಲಿರಲಿಲ್ಲ, ಅವನನ್ನು ದೂರ ಮಾಡಲಾಯಿತು. ನಗರ ಸೀಮೆಯ ರೈತ ದಂಗೆಯನ್ನು ನೆಪ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮುಮ್ಮಡಿಯವರ ಕೈಯಿಂದ ಆಡಳಿತ ಕಸಿದ. ಅರಸರು ಮೈಸೂರಿನ ಅರಮನೆಯಲ್ಲಿ ಶ್ರೀತತ್ತ್ವನಿಧಿಯ ಚಿತ್ರಗಳಲ್ಲಿ, ಚದುರಂಗದ ಮನೆಗಳಲ್ಲಿ ಮುಳುಗಿದರು. ರಾಜ್ಯವನ್ನು ಬೆಂಗಳೂರಿನಿಂದ ಕಮಿಷನರ್‌ಗಳು ಆಳಿದರು. ಅವರಲ್ಲಿ ಮಾರ್ಕ್ ಕಬ್ಬನ್ ಒಬ್ಬನೇ 1834ರಿಂದ 1861ರವರೆಗೆ ಕೂತ. ಅರಸ ಇದ್ದೂ ಇಲ್ಲದ ಈ ಐವತ್ತು ವರ್ಷಗಳಲ್ಲೇ ಬೆಂಗಳೂರು ಆಡಳಿತದ ಊರಾಯಿತು. 1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರ ಒಡೆಯರಿಗೆ ಮರಳಿತು, ಕಚೇರಿಗಳು ಮಾತ್ರ ಮೈಸೂರಿಗೆ ಮರಳಲಿಲ್ಲ.

ದೂರವೇ ಇಲ್ಲವಾದ ಕಾಲದಲ್ಲಿ ಪ್ರತಿನಿಧಿ ಏನು ಮಾಡಬಲ್ಲ? ಆಸ್ಟ್ರೇಲಿಯಾದ ಗವರ್ನರ್ ಜನರಲ್ ಜಾನ್ ಕೆರ್ 1975ರ ನವೆಂಬರ್ 11ರಂದು ಅದನ್ನು ತೋರಿಸಿದರು. ಬಜೆಟ್ ಬಿಕ್ಕಟ್ಟಿನಲ್ಲಿ ಸಿಲುಕಿದ್ದ ಚುನಾಯಿತ ಪ್ರಧಾನಿ ಗಫ್ ವಿಟ್ಲಂ ಅವರನ್ನು ರಾಣಿ ಎಲಿಜಬೆತ್ ಹೆಸರಿನಲ್ಲಿ ಹೊಂದಿದ್ದ ಅಧಿಕಾರದಿಂದ ವಜಾ ಮಾಡಿದರು. ದೂರವಾಣಿ ಎತ್ತಿದರೆ ಸಾಕಿತ್ತು, ಲಂಡನ್ ಸಿಗುತ್ತಿತ್ತು. ಕೆರ್ ಮತ್ತು ಅರಮನೆಯ ನಡುವಿನ ಪತ್ರಗಳನ್ನು ನ್ಯಾಯಾಲಯದ ತೀರ್ಪಿನ ನಂತರ 2020ರ ಜುಲೈನಲ್ಲಿ ಬಹಿರಂಗಪಡಿಸಿದಾಗ ಗೊತ್ತಾದದ್ದು ಇದು: ಬಿಕ್ಕಟ್ಟಿನ ಬಗ್ಗೆ ಅವರು ಮೊದಲಿನಿಂದಲೂ ಅರಮನೆಗೆ ಬರೆಯುತ್ತಲೇ ಇದ್ದರು. ಆದರೆ ವಜಾ ಮಾಡುವ ಗಳಿಗೆಯನ್ನು ಮಾತ್ರ ಮುಂಚಿತವಾಗಿ ತಿಳಿಸಲಿಲ್ಲ. ರಾಣಿಗೆ ಮೊದಲೇ ಗೊತ್ತಿರದಿರುವುದೇ ಅವರಿಗೆ ಒಳ್ಳೆಯದೆಂದು ಬಗೆದಿದ್ದರು. ತಂತಿ ಅಳಿಸಿದ ದೂರವನ್ನು ಆ ಒಂದು ಮಧ್ಯಾಹ್ನಕ್ಕೆ ಪ್ರತಿನಿಧಿಯೇ ಮತ್ತೆ ಸೃಷ್ಟಿಸಿಕೊಂಡಿದ್ದ.

ಭಾರತದಲ್ಲಿ ದೊರೆಯ ಕೊನೆಯ ಪ್ರತಿನಿಧಿ ಸಿ. ರಾಜಗೋಪಾಲಾಚಾರಿ. 1950ರ ಜನವರಿ 26ರಂದು ಆ ಹುದ್ದೆ ಮುಗಿಯಿತು. ಗವರ್ನರ್ ಎಂಬ ಹೆಸರು ರಾಜ್ಯಗಳಲ್ಲಿ ಉಳಿಯಿತು, ನೇಮಿಸುವವರು ರಾಷ್ಟ್ರಪತಿಯಾದರು. ಮೈಸೂರಿನ ಜಯಚಾಮರಾಜ ಒಡೆಯರ್ ರಾಜಪ್ರಮುಖರಾಗಿ, 1956ರಿಂದ ರಾಜ್ಯಪಾಲರಾಗಿ ತಮ್ಮದೇ ಹಳೆಯ ರಾಜ್ಯದಲ್ಲಿ ಇನ್ನೊಬ್ಬರ ಪರವಾಗಿ ಸಹಿ ಮಾಡಿದರು. 1964ರಲ್ಲಿ ಅವರಿಗೆ ಮದ್ರಾಸಿನ ರಾಜ್ಯಪಾಲರಾಗಿ ವರ್ಗವಾಯಿತು. ಪ್ರತಿನಿಧಿಯ ಕೋಟೆ ಹಿಡಿದು ಬೆಳೆದ ಮನೆತನದ ಕೊನೆಯ ಮಹಾರಾಜರು ಎರಡು ವರ್ಷ ಗಿಂಡಿಯ ರಾಜಭವನದಲ್ಲಿ ಪ್ರತಿನಿಧಿಯಾಗಿದ್ದರು.

ಬ್ರಹ್ಮಗಿರಿಯ ಬಂಡೆಯಲ್ಲಿ ಹೇಳದೆ ಉಳಿದ ಒಂದು ಸಾಲಿದೆ. ಆ ಶಾಸನದಲ್ಲಿ ಅರಸನ ಹೆಸರಿಲ್ಲ, ದೇವಾನಾಂಪ್ರಿಯ ಎಂಬ ಬಿರುದಿದೆ. ರಾಜಕುಮಾರನ ಹೆಸರಿಲ್ಲ, ಆರ್ಯಪುತ್ರ ಎಂದಷ್ಟೇ ಇದೆ. ಮಹಾಮಾತ್ರರು ಯಾರೋ ಗೊತ್ತಿಲ್ಲ. ಕಟ್ಟಕಡೆಯಲ್ಲಿ ಇದನ್ನು ಬರೆದವನು ಚಪಡ ಎಂದಿದೆ. ಉಳಿದದ್ದೆಲ್ಲ ಎಡದಿಂದ ಬಲಕ್ಕೆ ಓಡುವ ಬ್ರಾಹ್ಮಿ. ಲಿಪಿಕಾರ ಎಂಬ ಅರ್ಥದ ತನ್ನ ಹುದ್ದೆಯ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ, ಸಾಮ್ರಾಜ್ಯದ ಇನ್ನೊಂದು ತುದಿಯಾದ ಗಾಂಧಾರದ ಕಡೆಯ ಲಿಪಿಯಲ್ಲಿ ಕೊರೆದು ಹೋಗಿದ್ದಾನೆ.